ಬ್ರೇಕಿನ ಮೇಲಿನ ಬರಿಗಾಲು

ಅಂಗಾರಣ್ಣನ ಕಾಲು ಜಾರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೋದ ಜುಲೈ ತಿಂಗಳಲ್ಲಿ ಓದು ಬರಹ ಬಲ್ಲವರೆಲ್ಲ ಸೇರಿ ಅವರ ಕಾಲು ಜಾರಿತು ಎಂದೇ ಬರೆದರು. ಪೊಲೀಸರು ಬರೆದರು, ಇನ್ಶೂರೆನ್ಸಿನವರು ಬರೆದರು. ಕಾರು ಕಂಪನಿಯ ಇಂಜಿನಿಯರನಂತೂ ಆ ಕಾಲನ್ನು ಒಮ್ಮೆಯೂ ನೋಡದೆ ಎರಡು ಪುಟ ಬರೆದ. ನಿಜವಾಗಿ ಬರೆಯಬೇಕಾಗಿದ್ದವನು ಒಬ್ಬನಿದ್ದ, ಅವನು ಮಾತ್ರ ಬರೆಯಲಿಲ್ಲ. ಅವನು ನಾನು.

ನನ್ನ ಹೆಸರು ಶಶಿಕಾಂತ. ನಾವು ಧಾರವಾಡದ ಕಡೆಯವರು. ಅಪ್ಪ ಮುಂಬೈಯ ಕುರ್ಲಾದ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದರು, ನಾನು ಅಲ್ಲಿನ ಚಾಳಿನ ಒಂಟಿ ಕೋಣೆಯಲ್ಲೇ ಹುಟ್ಟಿದೆ. ಹನ್ನೊಂದು ವರ್ಷ ಬೊರಿವಲಿಯ ಹೈವೇ ಪಕ್ಕದ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಸರ್ವಿಸ್ ಅಡ್ವೈಸರ್ ಆಗಿದ್ದೆ. ಹೆಸರು ಕೇಳಿದರೆ ಭಾರಿ ಹುದ್ದೆ ಅನಿಸುತ್ತದೆ. ಕೆಲಸ ಇಷ್ಟೇ: ಗಾಡಿ ತಂದವರ ದೂರು ಕೇಳಬೇಕು, ಅದನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು, ಸಂಜೆ ಗಾಡಿ ಒಪ್ಪಿಸುವಾಗ ನಗಬೇಕು. ನಗುವುದನ್ನು ನಾನು ಎಂದೂ ತಪ್ಪಿಸಲಿಲ್ಲ.

ಅಂಗಾರಣ್ಣ ಕಾರ್ಕಳದ ಕಡೆಯ ತುಳುವರು. ಹದಿನಾಲ್ಕನೆಯ ವಯಸ್ಸಿಗೆ ಗ್ರಾಂಟ್ ರೋಡಿನ ಒಂದು ಹೊಟೇಲಿಗೆ ಲೋಟ ತೊಳೆಯಲು ಬಂದವರು, ಆಮೇಲೆ ಇಡ್ಲಿ ವಿಭಾಗ, ಆಮೇಲೆ ಹಾಲು ತರಕಾರಿ ತರುವ ಟೆಂಪೋ. ಹೊಟೇಲಿನ ಈಗಿನ ಮಾಲೀಕ ಚೆನ್ನಯ ಶೇಠ್‌ರು ಮೊದಲ ಕಾರು ಕೊಂಡ ದಿನದಿಂದ ಅವರ ಡ್ರೈವರ್. ಇಪ್ಪತ್ತೆರಡು ವರ್ಷ, ನಾಲ್ಕು ಕಾರು, ಒಂದೇ ಒಂದು ಗೀರು ಇಲ್ಲ. ಮುಂಬೈಯಲ್ಲಿ ಗೀರಿಲ್ಲದೆ ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ್ದೇನೆ ಎಂದರೆ ರಿಕ್ಷಾದವರು ಬಿದ್ದು ಬಿದ್ದು ನಗುತ್ತಾರೆ. ಆದರೆ ನಾನು ಆ ಗಾಡಿಗಳ ಸುತ್ತ ಕೈ ಸವರಿ ನೋಡಿದವನು, ನನಗೆ ಗೊತ್ತು.

ಅವರದೊಂದು ಪದ್ಧತಿ ಇತ್ತು. ಗಾಡಿ ಹತ್ತುವ ಮೊದಲು ಚಪ್ಪಲಿ ಬಿಚ್ಚಿ, ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಸೀಟಿನ ಹಿಂದೆ ಇಡುತ್ತಿದ್ದರು. ಓಡಿಸುವುದು ಬರಿಗಾಲಿನಲ್ಲೇ. ಮೊದಲ ಸಲ ನೋಡಿದಾಗ ನಾನು ಚೇಷ್ಟೆ ಮಾಡಿದ್ದೆ.

"ಏನ್ರಿ ಅಂಗಾರಣ್ಣ, ಗಾಡಿ ಅಂದ್ರ ಗುಡಿ ಏನ್ರಿ?"

"ಅನ್ನ ಕೊಡುವ ಗಾಡಿ ಮಾರಾಯ್ರೆ, ಅದನ್ನು ಚಪ್ಪಲಿಯಲ್ಲಿ ತುಳಿಯುವುದುಂಟಾ?" ಎಂದು ನಕ್ಕು, ಆಮೇಲೆ ಸ್ವಲ್ಪ ನಾಚಿಕೊಂಡು ಸೇರಿಸಿದರು. "ಅದೊಂದೇ ಅಲ್ಲ. ಬರಿಗಾಲಿಗೆ ಬ್ರೇಕು ಮಾತಾಡ್ತದೆ. ಶೇಠ್‌ರ ಅಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತಲ್ಲ, ಡಾಕ್ಟರು ತಲೆ ಕದಲಬಾರದು ಅಂದಿದ್ರು. ಬೊರಿವಲಿಯ ಮನೆವರೆಗೆ ಕರ್ಕೊಂಡು ಬಂದೆ. ಗಾಡಿ ನಿಂತದ್ದು ಅವರಿಗೆ ಗೊತ್ತೇ ಆಗ್ಲಿಲ್ಲ, ಮನೆ ಬಂತಾ ಅಂತ ಕೇಳಿದ್ರು."

ಎರಡು ವರ್ಷದ ಹಿಂದೆ ಶೇಠ್‌ರು ಹೈಬ್ರಿಡ್ ಎಸ್‌ಯುವಿ ಕೊಂಡರು. ಪೆಟ್ರೋಲ್ ಇಂಜಿನ್ನೂ ಇದೆ, ಕರೆಂಟಿನ ಮೋಟಾರೂ ಇದೆ, ಬ್ರೇಕ್ ಒತ್ತಿದಾಗಲೆಲ್ಲ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ, ಬೊರಿವಲಿಯಿಂದ ಗ್ರಾಂಟ್ ರೋಡಿಗೆ ಟ್ರಾಫಿಕ್ಕಿನಲ್ಲಿ ಹೋದಷ್ಟೂ ಲಾಭ ಎಂದು ಶೋರೂಮಿನವರು ತಲೆ ತುಂಬಿದ್ದರು. ಸುಳ್ಳಲ್ಲ, ಮೈಲೇಜು ಕೊಡುತ್ತಿತ್ತು. ಆದರೆ ಆ ಗಾಡಿಗಳ ದೂರು ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿ ಹೋಗಿತ್ತು. ನಾಲ್ಕು ದಿನ ಊರಿಗೆ ಹೋಗಿ ಬಂದರೆ ಬಿಲ್ಡಿಂಗಿನ ಕೆಳಗೆ ಗಾಡಿ ಸತ್ತು ನಿಂತಿರುತ್ತಿತ್ತು; ಅಷ್ಟು ದೊಡ್ಡ ಬ್ಯಾಟರಿ ಹೊತ್ತ ಗಾಡಿಗೆ ಬಾಗಿಲ ಬೀಗ ತೆಗೆಯುವ ಚಿಕ್ಕ ಬ್ಯಾಟರಿ ಖಾಲಿ. ಒಬ್ಬ ಡಾಕ್ಟರಮ್ಮನಿಗೆ ಹೈವೇ ಮೇಲೆ ಸುರಿಯುವ ಮಳೆಯಲ್ಲಿ ಎದುರಿನ ಪರದೆ ಪೂರಾ ಕಪ್ಪಾಯಿತು, ಸ್ಪೀಡು ಎಷ್ಟೆಂದು ನೋಡಲೂ ಗತಿಯಿಲ್ಲ. ಇನ್ನೊಂದು ಗಾಡಿ ಸದ್ದಿಲ್ಲದೆ ಹಿಂದಕ್ಕೆ ಸರಿದು ತನ್ನದೇ ಬಿಲ್ಡಿಂಗಿನ ವಾಚ್‌ಮನ್‌ನನ್ನು ಕೆಡವಿತು, ಪಾಪ ಅವನಿಗೆ ಗಾಡಿ ಚಾಲೂ ಇದ್ದದ್ದೇ ಕೇಳಿಸಿರಲಿಲ್ಲ. ಸೀಟ್ ಕವರ್ ಹಾಕಿಸಿಕೊಂಡವರು ಹಿಂದಿನ ಸೀಟಿನ ಕೆಳಗಿನ ಗಾಳಿಯ ಜಾಲರಿಯನ್ನೇ ಮುಚ್ಚಿಸಿಕೊಂಡು ಬ್ಯಾಟರಿ ಬೇಯಿಸಿ ತರುತ್ತಿದ್ದರು. ಎಲ್ಲರಿಗೂ ನಮ್ಮದು ಒಂದೇ ಉತ್ತರ. ಹೈಬ್ರಿಡ್ ಗಾಡಿ ಅಂದರೆ ಹೀಗೇ, ರೂಢಿಯಾಗುತ್ತದೆ.

ಅಂಗಾರಣ್ಣ ಮೊದಲ ಸಲ ಬ್ರೇಕಿನ ದೂರು ತಂದದ್ದು ಆ ಜುಲೈಗೆ ಹಿಂದಿನ ನವೆಂಬರಿನಲ್ಲಿ. ಎಲ್ಲರ ಹಾಗೆ ಕೂಗಾಡಲಿಲ್ಲ. ನನ್ನ ಮೇಜಿನ ಎದುರು ನಿಂತು, ಅಂಗೈಯನ್ನು ಪಾದದ ಹಾಗೆ ಹಿಡಿದು ತೋರಿಸಿದರು.

"ಬ್ರೇಕು ಹಿಡೀತದೆ ಶಶಿಕಾಂತ್ರೆ, ಇಲ್ಲ ಅಂತ ಹೇಳುವುದಿಲ್ಲ. ಮೆಲ್ಲ ಹಿಡ್ಕೊಂಡು ಬರ್ತಾ ಇರುವಾಗ ಒಂದು ಹೊಂಡ ಬಂತು ಅಂದ್ಕೊಳ್ಳಿ. ಅಲ್ಲಿ ಒಂದು ಗಳಿಗೆ ಬಿಟ್ಟೇ ಬಿಡ್ತದೆ. ಕಾಲಿನಡಿ ಎಂತದೂ ಇಲ್ಲ. ಯಾರೋ ಹಿಂದಿನಿಂದ ನೂಕಿದ ಹಾಗೆ ಗಾಡಿ ಮುಂದೆ ಹೋಗ್ತದೆ. ಮತ್ತೆ ಹಿಡೀತದೆ."

ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಈ ಗಾಡಿಗಳಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಮೊದಲು ಹಿಡಿಯುವುದು ಮೋಟಾರು. ಚಕ್ರ ಹೊಂಡಕ್ಕೆ ಬಿದ್ದು ಜಾರಿದ ಕೂಡಲೇ ಮೋಟಾರು ಕೈಬಿಡುತ್ತದೆ, ಆಮೇಲೆ ಮಾಮೂಲಿ ಬ್ರೇಕು ಹಿಡಿಯಬೇಕು. ಆ ಕೈ ಈ ಕೈ ಬದಲಾಗುವ ನಡುವೆ ಒಂದು ಕ್ಷಣ ಯಾರೂ ಹಿಡಿದಿರುವುದಿಲ್ಲ. ನಮ್ಮ ಟೆಕ್ನಿಷಿಯನ್ ಗಾಡಿಯನ್ನು ಹೈವೇಗೆ ಒಯ್ದ, ನುಣ್ಣನೆಯ ರಸ್ತೆಯಲ್ಲಿ ಸೇಫ್ಟಿ ಬೂಟಿನಿಂದ ಧಡಕ್ಕನೆ ಬ್ರೇಕ್ ತುಳಿದ, ಗಾಡಿ ಕಚ್ಚಿ ನಿಂತಿತು, ವಾಪಸು ಬಂದು ಎಲ್ಲ ಓಕೆ ಎಂದ. ಮುಂಬೈಯ ಹೊಂಡಗಳೆಲ್ಲ ಎಲ್ಲಿಗೆ ಹೋಗಿದ್ದವೋ ಅವನಿಗೇ ಗೊತ್ತು.

ನಾನು ಕಂಪ್ಯೂಟರಿನಲ್ಲಿ ಬ್ರೇಕ್ ಎಂದು ತುಂಬಲು ಹೊರಟಾಗ ಮ್ಯಾನೇಜರ್ ತಿಲಕ್ ಹಿಂದೆ ಬಂದು ನಿಂತ. ಇವನೂ ಉಡುಪಿಯ ಕಡೆಯ ಮನೆತನದವನೇ, ಬೊರಿವಲಿಯಲ್ಲಿ ಹುಟ್ಟಿ ಬೆಳೆದವನು. ಕನ್ನಡ ಅವನ ಬಾಯಲ್ಲಿ ಕುಂಟುತ್ತಿತ್ತು.

"ಸೇಫ್ಟಿ ಕೋಡ್ ಮತ್ ಡಾಲ್ ಯಾರ್. ಬ್ರೇಕ್ ಅಂತ ಬರೆದ್ರೆ ಗಾಡಿ ತೀನ್ ದಿನ್ ಇಲ್ಲೇ. ಕಂಪನಿ ಕ್ವೆಶ್ಚನ್ ಕೇಳ್ತದೆ, ನಮ್ಮ ರೇಟಿಂಗ್ ಗಯಾ. ಜನರಲ್ ಚೆಕಪ್ ಬರಿ."

ಬರೆದೆ. ಜನರಲ್ ಚೆಕಪ್, ವಾಶಿಂಗ್, ಚೆಕ್ಡ್ ಓಕೆ. ಎಲ್ಲ ಇಂಗ್ಲಿಷಿನಲ್ಲಿ. ಅಂಗಾರಣ್ಣ ಕೆಳಗೆ ಸಹಿ ಹಾಕಿದರು. ಆಮೇಲೆ ಇನ್ನೊಂದು ನಾಚಿಕೆಗೇಡಿನ ಕೆಲಸ ಮಾಡಿದೆ.

"ಅಂಗಾರಣ್ಣ, ನಾಳೆ ಕಂಪನಿಯಿಂದ ಫೋನ್ ಬರತೈತ್ರಿ. ಸರ್ವಿಸ್ ಹೆಂಗಿತ್ತು ಅಂತ ಕೇಳ್ತಾರ. ಹತ್ತಕ್ಕ ಹತ್ತು ಅಂತ ಹೇಳ್ರಿ. ಒಂಬತ್ತು ಅಂದ್ರೂ ನನ್ನ ಪಗಾರ ಕಟ್ ಆಗತೈತಿ."

"ಅದಕ್ಕೆಂತ? ನೀವು ನಮ್ಮವರಲ್ಲವಾ" ಎಂದರು. ಅವರದು ತುಳು, ನನ್ನದು ಧಾರವಾಡದ ಮಾತು, ಊರಿನಲ್ಲಿದ್ದರೆ ಒಬ್ಬರ ಊಟ ಒಬ್ಬರಿಗೆ ಸೇರದ ಜನ ನಾವು. ಬೊರಿವಲಿಯ ಆ ಎಸಿ ಹಾಲಿನಲ್ಲಿ ಕನ್ನಡ ಆಡಿದ ಮಾತ್ರಕ್ಕೆ ಅವರು ನನ್ನನ್ನು ನಮ್ಮವನು ಎಂದುಕೊಂಡರು.

ನವೆಂಬರಿನಿಂದ ಜೂನ್‌ವರೆಗೆ ಅವರು ಏಳು ಸಲ ಬಂದರು. ಏಳು ಸಲವೂ ಅದೇ ದೂರು, ಅದೇ ಅಂಗೈ. ಎಲ್ಲೆಲ್ಲಿ ಹಾಗಾಯಿತೆಂದು ಬಾಯಿಪಾಠ ಹೇಳುತ್ತಿದ್ದರು: ಮಲಾಡಿನಲ್ಲಿ ಸಿಗ್ನಲ್ಲಿನ ಹತ್ತಿರ, ದಾದರಿನ ಫ್ಲೈಓವರ್ ಇಳಿಯುವಾಗ, ಗ್ರಾಂಟ್ ರೋಡಿನ ಒಡೆದ ಪೇವರ್ ಬ್ಲಾಕಿನ ಮೇಲೆ ಮೂರು ಸಲ. ಏಳು ಸಲವೂ ನಾನು ಚೆಕಪ್ ಓಕೆ ಬರೆದೆ. ಕಂಪನಿಯ ಫೋನಿಗೆ ಅವರು ಏಳು ಸಲವೂ ಹತ್ತಕ್ಕೆ ಹತ್ತು ಹೇಳಿದರು. ಕೊನೆಯ ಸಲ ಕೇಳಿದರು, "ಕಂಪನಿಯವರು ಎಂತ ಹೇಳ್ತಾರೆ ಶಶಿಕಾಂತ್ರೆ?" ನಾನು ಹೇಳಿದೆ, "ನೋಡಾಕತ್ತಾರ್ರಿ." ಆ ಸುಳ್ಳು ಹೇಳುವಾಗ ನನ್ನ ನಾಲಗೆ ತೊದಲಲೂ ಇಲ್ಲ.

ಜುಲೈ ಹತ್ತರ ಬೆಳಿಗ್ಗೆ ಮಳೆ ಆಗಷ್ಟೇ ನಿಂತಿತ್ತು. ಶೇಠ್‌ರನ್ನು ಹೊಟೇಲಿನ ಬಾಗಿಲಲ್ಲಿ ಇಳಿಸಿ ಅಂಗಾರಣ್ಣ ಸ್ಟೇಷನ್ ಪಕ್ಕದ ಗಲ್ಲಿಗೆ ಗಾಡಿ ತಿರುಗಿಸಿದರು. ಜನರ ನಡುವೆ ಸೈಕಲ್ಲಿನಷ್ಟೇ ವೇಗ. ಲಾಡ್ಜಿನ ಮೆಟ್ಟಿಲು ಒರೆಸಿ ಬಕೆಟ್ ಹಿಡಿದು ಬರುತ್ತಿದ್ದ ಹೆಂಗಸೊಬ್ಬಳು ಅಡ್ಡ ಬಂದಳು. ಅಂಗಾರಣ್ಣ ಬ್ರೇಕ್ ಒತ್ತಿದರು, ಗಾಡಿ ನಿಲ್ಲುತ್ತ ಬಂತು, ಮುಂದಿನ ಚಕ್ರ ಹೊಂಡಕ್ಕಿಳಿಯಿತು, ಬ್ರೇಕು ಕೈಬಿಟ್ಟಿತು. ಗಾಡಿ ಒಂದು ಮಾರು ಮುಂದೆ ಹಾರಿತು, ಅಷ್ಟೇ. ಆ ಒಂದು ಮಾರಿನಲ್ಲಿ ಬಂಪರಿಗೂ ಪಕ್ಕದ ಕೈಗಾಡಿಗೂ ನಡುವೆ ಆಕೆಯ ಎಡಗಾಲು ಸಿಕ್ಕಿ ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು.

ಅವರು ಓಡಿಹೋಗಲಿಲ್ಲ. ಬರಿಗಾಲಿನಲ್ಲೇ ಇಳಿದು, ಆಕೆಯನ್ನು ಎತ್ತಿಕೊಂಡು, ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸೇರಿಸಿ, ಅದೇ ಬರಿಗಾಲಿನಲ್ಲಿ ಪೊಲೀಸ್ ಠಾಣೆಗೆ ಹೋದರು. ಅಲ್ಲಿಗೆ ಎಲ್ಲರಿಗೂ ಬೇಕಾದ ಉತ್ತರ ಸಿಕ್ಕಿತು. ಮಳೆಗಾಲ, ಒದ್ದೆ ಕಾಲು, ಚಪ್ಪಲಿ ಇಲ್ಲ, ಐವತ್ತು ದಾಟಿದ ಡ್ರೈವರ್. ಜಾರಿರಬೇಕು. ಕಂಪನಿಯ ಇಂಜಿನಿಯರ್ ತನ್ನ ಎರಡು ಪುಟದಲ್ಲಿ ಅದನ್ನೇ ಬರೆದು ಮೇಲೊಂದು ಕಲ್ಲು ಹೇರಿದ: ಎಂಟು ತಿಂಗಳಲ್ಲಿ ಏಳು ಸಲ ಸರ್ವಿಸಿಗೆ ಬಂದರೂ ಬ್ರೇಕಿನ ಬಗ್ಗೆ ಒಂದೂ ದೂರು ದಾಖಲಾಗಿಲ್ಲ, ಸದರಿ ಚಾಲಕನೇ ಏಳು ಸಲವೂ ಪೂರ್ಣ ಅಂಕ ಕೊಟ್ಟು ತೃಪ್ತಿ ವ್ಯಕ್ತಪಡಿಸಿದ್ದಾನೆ. ಆ ವರದಿಯ ಪ್ರತಿ ನನ್ನ ಮೇಜಿಗೂ ಬಂತು. ಓದಿ, ಮಡಚಿ, ಡ್ರಾವರಿಗೆ ಹಾಕಿ ಊಟಕ್ಕೆ ಹೋದೆ. ಆ ದಿನ ಡಬ್ಬಿಯಲ್ಲಿ ಏನಿತ್ತು ಎಂಬುದೂ ನೆನಪಿದೆ ನನಗೆ, ಅಷ್ಟು ಸಮಾಧಾನವಾಗಿ ಉಂಡಿದ್ದೆ.

ಶೇಠ್‌ರು ಕೆಟ್ಟ ಮನುಷ್ಯರಲ್ಲ. ಆದರೆ ತಾಪತ್ರಯ ಮುಗಿದರೆ ಸಾಕು ಎನ್ನುವವರು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಅಂಗಾರಣ್ಣನನ್ನು ಎದುರು ಕೂರಿಸಿಕೊಂಡು ಮಾತಾಡಿದ್ದನ್ನು ಆಮೇಲೆ ಶೇಠ್‌ರೇ ನನಗೆ ಹೇಳಿದರು. ಅವರಿಬ್ಬರು ಆಡಿದ್ದು ತುಳುವಿನಲ್ಲಿ. ನನಗೆ ತಿಳಿದಂತೆ ಬರೆಯುತ್ತೇನೆ.

"ಕಾಲು ಜಾರಿತು ಅಂತ ಹೇಳಿಬಿಡು ಅಂಗಾರ. ದಂಡ ನಾನು ಕಟ್ಟುತ್ತೇನೆ. ಆ ಹೆಂಗಸಿಗೂ ಇನ್ಶೂರೆನ್ಸ್ ಸಿಗ್ತದೆ."

"ಜಾರಲಿಲ್ಲ ಧಣಿ."

"ಜಾರಿತು ಅಂದರೆ ನಿನಗೆ ಎಂತ ಹೋಗ್ತದೆ?"

"ಲೈಸೆನ್ಸ್ ಹೋಗ್ತದೆ, ಅದು ಇರಲಿ. ಜಾರಿತು ಅಂತ ನಾನೇ ಹೇಳಿದರೆ ಆ ಬ್ರೇಕನ್ನು ಯಾರೂ ನೋಡುವುದಿಲ್ಲ. ಅಂಥ ಗಾಡಿ ಮುಂಬೈಯಲ್ಲಿ ಎಷ್ಟು ಉಂಟು? ನಿಮ್ಮ ಮೊಮ್ಮಗಳನ್ನು ಅದರಲ್ಲೇ ಅಲ್ಲವಾ ಶಾಲೆಗೆ ಬಿಡುವುದು?"

ವಕೀಲರು ಆಸ್ಪತ್ರೆಯ ಕಡೆ ತಲೆ ಹಾಕಬೇಡ, ತಪ್ಪು ಒಪ್ಪಿಕೊಂಡ ಹಾಗೆ ಕಾಣುತ್ತದೆ ಎಂದಿದ್ದರು. ಅಂಗಾರಣ್ಣ ದಿನಾ ಹೋಗುತ್ತಿದ್ದರು, ಹೊಟೇಲಿನಿಂದ ಗಂಜಿ, ಚಟ್ನಿ ಕಟ್ಟಿಸಿಕೊಂಡು. ಒಂದು ದಿನ ನಾನೂ ಜೊತೆಗೆ ಹೋದೆ. ಮರುಕದಿಂದ ಹೋದೆ ಎಂದುಕೊಳ್ಳಬೇಡಿ. ಅವರು ಏನೇನು ಮಾತಾಡುತ್ತಾರೆ ಕೇಳಿಕೊಂಡು ಬಾ ಎಂದು ತಿಲಕ್ ಕಳಿಸಿದ್ದ.

ಆ ಹೆಂಗಸಿನ ಹೆಸರು ನಾಗವ್ವ. ವಿಜಯಪುರದ ಕಡೆಯವಳು, ಐವತ್ತರ ಹತ್ತಿರದ ವಯಸ್ಸು, ಇರುವುದು ಕುರ್ಲಾದಲ್ಲಿ, ನನ್ನ ಚಾಳಿನಿಂದ ಮೂರು ಗಲ್ಲಿ ಆಚೆ. ನನ್ನ ಮಾತು ಕೇಳಿದ್ದೇ ಮುಖ ಅರಳಿತು.

"ನಮ್ಮ ಕಡ್ಯಾಂವ ಬಂದಿ, ಚಲೋ ಆತು. ಇವರಿಗೆ ನನ್ನ ಮಾತು ಅರ್ಧಾ ತಿಳೀತೈತಿ, ಅರ್ಧಾ ಇಲ್ಲ. ನೀನರ ಹೇಳು ತಮ್ಮಾ. ಈ ಅಣ್ಣ ಬ್ರೇಕ್ ಹಾಕಿದ್ದ. ಗಾಡಿ ಮೂತಿ ಕೆಳಗ ಬಗ್ಗಿದ್ದು ಕಣ್ಣಾರೆ ನೋಡೀನಿ. ನಿಂತ್ರು ಅಂತ ತಿಳದು ಕಾಲು ಮುಂದ ಇಟ್ಟೆ. ಮೂತಿ ಮ್ಯಾಲೆ ಎದ್ದು ಮೈಮ್ಯಾಲೆ ಬಂತು."

"ಪೊಲೀಸರಿಗೆ ಹೇಳೀರೇನ್ರಿ ಇದನ್ನ?"

"ಕೇಳಿದ್ರ ಹೇಳೂದು. ಹೆಬ್ಬಟ್ಟು ಒತ್ತಿಸಿಕೊಂಡು ಹೋದ್ರು."

ನಾನು ಅನುವಾದ ಮಾಡಿದೆ. ಅಂಗಾರಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇಡೀ ಊರು ಇಲ್ಲ ಎಂದಾಗ ಬ್ರೇಕ್ ಹಾಕಿದ್ದು ಹೌದು ಎಂದವಳು ಕಾಲು ಮುರಿಸಿಕೊಂಡವಳೇ ಆಗಿದ್ದಳು. ಅವರು ಅಂದೇ ಠಾಣೆಗೆ ಹೋಗಿ ಪಟ್ಟು ಹಿಡಿದು ಕೂತು ಸಬ್ ಇನ್ಸ್‌ಪೆಕ್ಟರನ್ನು ಆಸ್ಪತ್ರೆಗೆ ಕರೆತಂದು ನಾಗವ್ವನ ಹೇಳಿಕೆಯನ್ನು ಮತ್ತೊಮ್ಮೆ ಬರೆಸಿದರು. ಅದರಿಂದಾಗಿ ಮುಂದಿನ ಗುರುವಾರ ಆರ್‌ಟಿಓ ಇನ್ಸ್‌ಪೆಕ್ಟರ್ ಅಪಘಾತದ ದಿನ ಮೇಲುಮೇಲೆ ನೋಡಿ ಬಿಟ್ಟಿದ್ದ ಗಾಡಿಯನ್ನು ಎರಡನೆಯ ಸಲ ಪರೀಕ್ಷೆ ಮಾಡುವುದೆಂದಾಯಿತು. ನಾನು ಇದೆಲ್ಲವನ್ನೂ ತಿಲಕ್‌ಗೆ ಒಪ್ಪಿಸಿದೆ.

ಗಾಡಿ ಅಷ್ಟರಲ್ಲಿ ಪೊಲೀಸರಿಂದ ಬಿಡುಗಡೆಯಾಗಿ ಬಂಪರ್ ರಿಪೇರಿಗೆಂದು ನಮ್ಮಲ್ಲೇ ಬಂದು ನಿಂತಿತ್ತು. ಮಂಗಳವಾರ ಬೆಳಿಗ್ಗೆ ತಿಲಕ್ ಕರೆದು, ಕಂಪನಿಯಿಂದ ಬ್ರೇಕಿನ ಹೊಸ ಸಾಫ್ಟ್‌ವೇರ್ ಬಂದಿದೆ, ಎಲ್ಲ ಹೈಬ್ರಿಡ್ ಗಾಡಿಗಳಿಗೂ ಹಾಕಬೇಕು, ಮೊದಲು ಇದಕ್ಕೆ ಹಾಕು ಎಂದ. ಮೊದಲು ಇದಕ್ಕೆ. ಇವತ್ತೇ.

ನನ್ನಂಥ ಹೇಡಿಗೂ ಒಂದು ಮಿತಿ ಇರುತ್ತದೆ ಎಂದು ಆಗ ಗೊತ್ತಾಯಿತು. ಇಲ್ಲ ಎನ್ನುತ್ತಲೇ ಬಂದ ಕಾಯಿಲೆಗೆ ಇವರ ಹತ್ತಿರ ಮದ್ದು ತಯಾರಿತ್ತು! ಅದನ್ನು ಹಾಕಿದ ಮೇಲೆ ಗುರುವಾರ ಬ್ರೇಕು ಸರಿಯಾಗಿಯೇ ಹಿಡಿಯುತ್ತದೆ, ಆಮೇಲೆ ಜಾರಿದ್ದು ಅಂಗಾರಣ್ಣನ ಕಾಲು ಎಂಬುದು ಕಲ್ಲಿನಲ್ಲಿ ಕೆತ್ತಿದ ಹಾಗೆ. ಸಿಟ್ಟು ಬಂತು. ತಿಲಕ್‌ನ ಮೇಲೆ ಎಷ್ಟೋ ಅಷ್ಟೇ ನನ್ನ ಮೇಲೂ. ಟಾಯ್ಲೆಟ್ಟಿಗೆ ಹೋಗಿ ಫೋನ್ ಮಾಡಿದೆ.

"ಅಂಗಾರಣ್ಣ, ಬ್ರೇಕ್ ಗುಟ್ಟಾಗಿ ಸರಿ ಮಾಡಾಕತ್ತಾರ, ಈಗಿಂದೀಗ ಬರ್ರಿ. ಬಂದು ಗಾಡಿಯೊಳಗ ಕುಂಡ್ರಿ. ಯಾರು ಏನಂದ್ರೂ ಇಳೀಬ್ಯಾಡ್ರಿ."

ಗ್ರಾಂಟ್ ರೋಡಿನಿಂದ ಲೋಕಲ್ ಟ್ರೇನ್ ಹಿಡಿದರೂ ನಮ್ಮಲ್ಲಿಗೆ ಬರಲು ಒಂದು ಗಂಟೆ ಬೇಕು. ಅಷ್ಟು ಹೊತ್ತು ನಾನು ಲ್ಯಾಪ್‌ಟಾಪ್ ಹ್ಯಾಂಗ್ ಆಗಿದೆ, ಸ್ಟಿಯರಿಂಗ್ ಕೆಳಗೆ ಚುಚ್ಚುವ ಕೇಬಲ್ ಸಿಗುತ್ತಿಲ್ಲ ಎಂದು ನಾಟಕ ಮಾಡಿದೆ. ಅಂಗಾರಣ್ಣ ಬಂದವರೇ ಯಾರನ್ನೂ ಮಾತಾಡಿಸದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸ್ಟಿಯರಿಂಗ್ ಮುಂದೆ ಕೂತು ಒಳಗಿಂದ ಲಾಕ್ ಮಾಡಿಕೊಂಡರು. ತಿಲಕ್ ಗಾಜು ಬಡಿದ. ಸೆಕ್ಯುರಿಟಿಯವರು ಬಂದರು. ಪೊಲೀಸರನ್ನು ಕರೀತೇನೆ ಎಂದಾಗ ಅಂಗಾರಣ್ಣ ಗಾಜನ್ನು ಎರಡು ಬೆರಳು ಇಳಿಸಿ, "ಕರೀರಿ, ನಾನೂ ಅದನ್ನೇ ಕಾಯ್ತಾ ಇದ್ದೇನೆ" ಎಂದು ಮತ್ತೆ ಏರಿಸಿದರು.

ಕೊನೆಗೆ ತಿಲಕ್ ಶೇಠ್‌ರಿಗೆ ಫೋನ್ ಮಾಡಿದ. ನಿಮ್ಮ ಡ್ರೈವರ್ ಹುಚ್ಚನ ಹಾಗೆ ಮಾಡುತ್ತಿದ್ದಾನೆ, ಬಂದು ಇಳಿಸಿ ಎಂದ. ಶೇಠ್‌ರು ಅಂದು ಬೊರಿವಲಿಯ ಮನೆಯಲ್ಲೇ ಇದ್ದವರು ರಿಕ್ಷಾ ಹಿಡಿದು ಬಂದರು. ತಿಲಕ್ ಅವರ ಮುಂದೆ ಕಾಗದ ಹಿಡಿದ.

"ಅಂಕಲ್, ಒಂದು ಸಿಗ್ನೇಚರ್ ಮಾಡಿ. ಫ್ರೀ ಅಪ್‌ಡೇಟ್. ಬ್ರೇಕ್ ಏಕದಂ ಸ್ಮೂತ್ ಆಗ್ತದೆ."

ಶೇಠ್‌ರು ಪೆನ್ನು ತೆಗೆದುಕೊಂಡರು. ಸಹಿ ಮಾಡಲು ಬಗ್ಗಿದವರು ತಲೆ ಎತ್ತಿದರು.

"ಈಗ ಸ್ಮೂತ್ ಇಲ್ಲವಾ ಹಾಗಾದ್ರೆ?"

ತಿಲಕ್ ಕಾಗದವನ್ನು ಇನ್ನೂ ಹತ್ತಿರ ತಳ್ಳಿದ. ಮೂವತ್ತು ವರ್ಷ ಗಲ್ಲಾದಲ್ಲಿ ಕೂತ ಮನುಷ್ಯನಿಗೆ ಎದುರಿಗಿದ್ದವನ ಮುಖ ಓದುವುದನ್ನು ಕಲಿಸಬೇಕಾಗಿಲ್ಲ. ಶೇಠ್‌ರು ಪೆನ್ನನ್ನು ಅವನ ಜೇಬಿಗೇ ಸಿಕ್ಕಿಸಿ, ಗಾಡಿಯ ಆ ಕಡೆಗೆ ಹೋಗಿ, ಅಂಗಾರಣ್ಣನ ಪಕ್ಕದ ಸೀಟಿನಲ್ಲಿ ಕೂತರು. ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿದರು. ಸಂಜೆಗೆ ಠಾಣೆಯಿಂದ ಟೋಯಿಂಗ್ ಗಾಡಿ ಬಂದು ಅದನ್ನು ಎಳೆದುಕೊಂಡು ಹೋಗುವವರೆಗೆ ಇಬ್ಬರೂ ಹಾಗೇ ಕೂತಿದ್ದರು.

ಗುರುವಾರ ಠಾಣೆಯ ಹಿಂದಿನ ಒಡೆದ ರಸ್ತೆಯಲ್ಲಿ ಪರೀಕ್ಷೆ. ನನ್ನನ್ನೂ ಕರೆಸಿದ್ದರು. ಆರ್‌ಟಿಓ ಇನ್ಸ್‌ಪೆಕ್ಟರ್ ದಪ್ಪ ಬೂಟಿನ ಹಿರಿಯ ಮನುಷ್ಯ, ಬೇಗ ಮುಗಿಸಿ ಹೋಗುವ ಅವಸರದಲ್ಲಿದ್ದರು. ಮೂರು ಸಲ ಓಡಿಸಿದರು, ಮೂರು ಸಲವೂ ಗಾಡಿ ನಿಂತಿತು. ಕಂಪನಿಯ ಇಂಜಿನಿಯರ್ ನನ್ನತ್ತ ನೋಡಿ ಮುಗುಳ್ನಕ್ಕ. ಅಂಗಾರಣ್ಣ ಗಾಡಿಯ ಹತ್ತಿರ ಹೋಗಿ ಕೈಮುಗಿದು, ಬೂಟು ಬಿಚ್ಚಿ ಮೆಲ್ಲಗೆ ಒತ್ತಿ ನೋಡಿ ಎಂದು ಮುರುಕು ಹಿಂದಿಯಲ್ಲಿ ಬೇಡಿಕೊಂಡರು.

"ಸಾಬ್, ಆಪ್ ಜೋರ್ ಸೇ ದಬಾತಾ ಹೈ. ಜೂತಾ ನಿಕಾಲ್ಕೆ ದೇಖೋ. ಏಕ್ ಬಾರ್."

ಇಂಜಿನಿಯರ್ ನಕ್ಕೇಬಿಟ್ಟ. ಆ ನಗು ಇನ್ಸ್‌ಪೆಕ್ಟರಿಗೆ ಹಿಡಿಸಲಿಲ್ಲವೋ ಏನೋ. ಸೀಟಿನಲ್ಲೇ ತಿರುಗಿ ಬೂಟು ಬಿಚ್ಚಿದರು, ಸಾಕ್ಸೂ ತೆಗೆದರು. ಅಂಗಾರಣ್ಣ ಪಕ್ಕದಲ್ಲಿ ಕೂತರು, ನಾನೂ ಇಂಜಿನಿಯರನೂ ಹಿಂದೆ. ಮೆಲ್ಲಗೆ, ಅಂಗಾರಣ್ಣ ಅಂಗೈ ಇಳಿಸಿ ತೋರಿಸುತ್ತಿದ್ದಷ್ಟೇ ಮೆಲ್ಲಗೆ ಅವರು ಬ್ರೇಕ್ ಒತ್ತಿದರು. ಗಾಡಿ ನಿಲ್ಲುತ್ತ ಬಂತು. ಚಕ್ರ ಹೊಂಡಕ್ಕಿಳಿಯಿತು. ಬ್ರೇಕು ಬಿಟ್ಟಿತು. ಗಾಡಿ ಮುಂದೆ ಹಾರಿ, ಮತ್ತೆ ಹಿಡಿದಾಗ ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು.

"ಅರೇ!" ಎಂದರು ಇನ್ಸ್‌ಪೆಕ್ಟರ್. ಅವರ ಕಾಲು ಪೆಡಲಿನ ಮೇಲೇ ಇತ್ತು. ಇನ್ನೂ ಐದು ಸಲ ಮಾಡಿ ನೋಡಿದರು, ನಾಲ್ಕು ಸಲ ಹಾಗೇ ಆಯಿತು. ಯಾರೂ ನಗಲಿಲ್ಲ. ಅಲ್ಲೇ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಬರಿಗಾಲಿನಲ್ಲೇ ನಿಂತು ವರದಿ ಬರೆದರು.

ಇಲ್ಲಿಗೆ ಮುಗಿಯಿತು, ಗೆದ್ದೆವು ಎಂದುಕೊಂಡೆ. ಠಾಣೆಯೊಳಗೆ ಸಬ್ ಇನ್ಸ್‌ಪೆಕ್ಟರ್ ಕಂಪನಿಯ ಫೈಲು ಬಿಚ್ಚಿ ಏಳು ಜಾಬ್ ಕಾರ್ಡುಗಳನ್ನು ಮೇಜಿನ ಮೇಲೆ ಹರಡಿದರು. ದೋಷ ಇರಬಹುದು, ಆದರೆ ಅದು ನಮಗೆ ಗೊತ್ತೇ ಇರಲಿಲ್ಲ, ಯಾರೂ ಹೇಳಲೇ ಇಲ್ಲ ಎಂಬುದು ಈಗ ಕಂಪನಿಯ ವಾದ. ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಕೇಳಿದರು, ಅಡ್ವೈಸರ್ ಎಂಬಲ್ಲಿನ ಈ ಸಹಿ ನಿನ್ನದೇ? ಹೌದು ಎಂದೆ. ಇದರಲ್ಲಿ ಬ್ರೇಕ್ ಎಂಬ ಮಾತು ಎಲ್ಲಿದೆ? ಇಲ್ಲ ಎಂದೆ. ಈ ಡ್ರೈವರ್ ಹೇಳಿದ್ದನೇ? ಹೇಳಿದ್ದರು, ಏಳು ಸಲ ಹೇಳಿದ್ದರು, ನಾನು ಬರೆಯಲಿಲ್ಲ ಎಂದು ಮರಾಠಿಯಲ್ಲಿ ಎಲ್ಲ ಹೇಳಿದೆ, ಹತ್ತಕ್ಕೆ ಹತ್ತು ಬೇಡಿದ್ದನ್ನೂ ಬಿಡದೆ.

ಅಂಗಾರಣ್ಣನಿಗೆ ಇದು ಗೊತ್ತಿರಲಿಲ್ಲ. ತಾನು ಹೇಳಿದ್ದೆಲ್ಲ ಆ ಕಾರ್ಡುಗಳಲ್ಲಿದೆ, ಕಂಪನಿಯವರು ಬೇಕೆಂದೇ ಮುಚ್ಚಿಟ್ಟಿದ್ದಾರೆ ಎಂದುಕೊಂಡಿದ್ದರು. ಒಂದೊಂದೇ ಕಾರ್ಡು ಎತ್ತಿ ಕೆಳಗಿನ ತಮ್ಮ ಸಹಿಯನ್ನು ನೋಡಿದರು.

"ಬ್ರೇಕು ಅಂತ ಒಂದು ಸಲವೂ ಬರೀಲಿಲ್ವಾ?"

"ಇಲ್ರಿ ಅಣ್ಣ. ನಂದು ತಪ್ಪಾಗೈತಿ. ನೀವು..."

"ನನ್ನ ಹತ್ರ ಎಂತ ಹೇಳ್ತೀರಿ? ನನ್ನ ಕಾಲು ಸರಿ ಉಂಟು!" ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನವೆಂಬರಿನಲ್ಲಿ ಬರೆದಿದ್ರೆ ಆ ಹೆಂಗಸು ಇವತ್ತು ಕೆಲಸಕ್ಕೆ ಹೋಗ್ತಿತ್ತು. ಹೋಗಿ ಅವಳ ಹತ್ರ ಹೇಳಿ. ಅವಳಿಗೆ ಹೇಳುವವರೆಗೆ ನನಗೆ ಮುಖ ತೋರಿಸ್ಬೇಡಿ."

ಅಂಗಾರಣ್ಣನ ಮೇಲಿನ ಕೇಸು ದೀಪಾವಳಿಗೆ ಮೊದಲು ಬಿದ್ದುಹೋಯಿತು. ಲೈಸೆನ್ಸ್ ವಾಪಸು ಬಂತು. ಶೇಠ್‌ರು ಆ ಗಾಡಿ ಮಾರಿ ಹಳೆಯ ಥರದ ಪೆಟ್ರೋಲ್ ಗಾಡಿ ಕೊಂಡರು. ಕಂಪನಿ ಎಲ್ಲ ಹೈಬ್ರಿಡ್ ಗಾಡಿಗಳಿಗೂ ಹೊಸ ಸಾಫ್ಟ್‌ವೇರ್ ಹಾಕಿತು, ಗ್ರಾಹಕರ ಅನುಕೂಲಕ್ಕಾಗಿ ಎಂದು ಮೆಸೇಜು ಕಳಿಸಿತು, ಕೊನೆಯಲ್ಲಿ ಒಂದು ನಗುಮುಖ. ತಪ್ಪಾಯಿತು ಎಂಬ ಒಂದು ಪದ ಎಲ್ಲಿಯೂ ಇಲ್ಲ. ತಿಲಕ್‌ಗೆ ಠಾಣೆಗೆ, ಅಲ್ಲ, ಠಾಣೆ ಎಂದರೆ ಪೊಲೀಸರದಲ್ಲ, ಮುಂಬೈ ಪಕ್ಕದ ಆ ಹೆಸರಿನ ಊರಿನ ಬ್ರಾಂಚಿಗೆ ಬಡ್ತಿಯಾಯಿತು. ನನ್ನನ್ನು ತೆಗೆದುಹಾಕಿದರು, ಅದಕ್ಕಾಗಿ ನಾನು ಯಾರ ಮುಂದೆಯೂ ಅತ್ತಿಲ್ಲ.

ಅಂಗಾರಣ್ಣ ಹೇಳಿದ ಮೇಲೂ ನಾಗವ್ವನ ಹತ್ತಿರ ಹೋಗಲು ನನಗೆ ಹತ್ತೊಂಬತ್ತು ದಿನ ಹಿಡಿಯಿತು. ಮೂರು ಗಲ್ಲಿ ದಾಟಲು ಹತ್ತೊಂಬತ್ತು ದಿನ. ಆಕೆ ಕೋಣೆಯ ನೆಲದ ಮೇಲೆ ಎಡಗಾಲು ಉದ್ದಕ್ಕೆ ಚಾಚಿ ಕೂತು ಮೆಂತೆ ಸೊಪ್ಪು ಸೋಸುತ್ತಿದ್ದಳು. ಕಾಲು ಕೂಡಿಕೊಂಡಿತ್ತು, ಆದರೆ ಮಡಚುತ್ತಿರಲಿಲ್ಲ. ಮಡಚದ ಕಾಲಿನಿಂದ ಮೆಟ್ಟಿಲು ಒರೆಸಲಾಗುವುದಿಲ್ಲ, ಲಾಡ್ಜಿನವರು ಬೇರೆಯವಳನ್ನು ಇಟ್ಟುಕೊಂಡಿದ್ದರು. ನಾನು ಎದುರು ಕೂತು ಎಲ್ಲ ಹೇಳಿದೆ. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಕೇಳಿದಳು.

"ಏಳು ಸಲ ಹೇಳಿದ್ನ ಆ ಅಣ್ಣ?"

"ಹೂಂ ಅವ್ವ."

"ದವಾಖಾನಿಗೆ ಬಂದಾಗ ನಿನಗ ಇದು ಗೊತ್ತಿತ್ತು?"

"ಗೊತ್ತಿತ್ತು."

"ನಮ್ಮ ಕಡ್ಯಾಂವ ಅಂತ ನಿನ್ನ ಮುಂದ ಎಲ್ಲಾ ಹೇಳಿದೆ ನಾನು." ಕೈ ಈಗ ನಿಂತಿತು. "ನೀ ಬಾಜೂಕ ಕುಂತು ನನ್ನ ಕಾಲು ನೋಡಿದಿ. ಬಾಯಿ ಬಿಡಲಿಲ್ಲ."

ನಾನು ಕಣ್ಣು ಒರೆಸಿಕೊಂಡೆ.

"ಅಳಬ್ಯಾಡ, ನನ್ನ ಮನ್ಯಾಗ ಕುಂತು ಅಳಬ್ಯಾಡ. ಪರಿಹಾರದ ಕೇಸು ಹಾಕ್ಯಾರ ನನ್ನ ಸಲುವಾಗಿ, ಕಂಪನಿ ಮ್ಯಾಲೆ. ಕೋರ್ಟಿನ್ಯಾಗ ಇದನ್ನ ಹಿಂಗ ಹೇಳ್ತಿ? ಏಳೂ ಸಲದ್ದು?"

"ಹೇಳ್ತೀನಿ."

"ಹಂಗಾರ ಅಲ್ಲೇ ಬಾ."

ಸೊಪ್ಪಿನ ಬುಟ್ಟಿ ಸರಿಸಿ ಆಕೆ ಏಳಲು ಹೊರಟಳು. ನಾನು ಎದ್ದು ಕೈ ಚಾಚಿದೆ. ಆಕೆ ಆ ಕೈಯನ್ನು ಪಕ್ಕಕ್ಕೆ ತಳ್ಳಿ ಗೋಡೆ ಹಿಡಿದಳು, ಮೊದಲು ಒಂದು ಅಂಗೈ ಒತ್ತಿ, ಆಮೇಲೆ ಇನ್ನೊಂದು, ಆಮೇಲೆ ಬಲಗಾಲಿನ ಮೇಲೆ ಭಾರ ಹಾಕಿ, ಬಗ್ಗದ ಕಾಲನ್ನು ನೆಲದ ಮೇಲೆ ಎಳೆದುಕೊಂಡು. ಎದ್ದು ನಿಲ್ಲಲು ಆಕೆಗೆ ಎಷ್ಟು ಹೊತ್ತು ಬೇಕಾಯಿತು ಎಂಬುದನ್ನು ನಾನು ನಿಂತು ನೋಡಬೇಕಾಯಿತು.